ಹಿತ್ತಲ ಮೂಲೆಯಲ್ಲಿ ನಾಯಿಗೊಂದು ಜಾಗ

ನಾಯಿಮರಿ ಬಂದ ಮೊದಲ ವಾರ ನಮ್ಮ ಮನೆಯ ಜಗಳವೆಲ್ಲ ತುಳಸಿಕಟ್ಟೆಯ ಸುತ್ತಲೇ ನಡೆಯಿತು. ಬೆಳಗ್ಗೆ ನೀರು ಹಾಕಲು ಹೋದ ಅತ್ತೆ ಅಲ್ಲಿಂದಲೇ ಕೂಗುತ್ತಿದ್ದರು: "ನೋಡೇ ಇಲ್ಲಿ, ನಿನ್ನ ನಾಯಿ ಮತ್ತೆ ಕಟ್ಟೆ ಬುಡದಲ್ಲೇ ಮಾಡಿಟ್ಟಿದೆ." ಒಂದು ದಿನ ರಂಗೋಲಿಯ ಮೇಲೆ, ಮರುದಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಅದರ ಮರುದಿನ ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆಯ ಅಂಚಿನಲ್ಲಿ. ಬೀದಿಯಿಂದ ತಂದ ಎರಡು ತಿಂಗಳ ಹೆಣ್ಣುಮರಿ ಅದು. ಬೆಳ್ಳಿ ಎಂದು ಹೆಸರಿಟ್ಟಿದ್ದೆವು. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಬೆಳ್ಳಿ ಹಿತ್ತಲ ನುಗ್ಗೆಮರದಾಚೆಯ ಒಂದೇ ಒಂದು ಮೂಲೆಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡಿತು. ಅದಕ್ಕಾಗಿ ನಾವು ಯಾವ ತರಬೇತುದಾರರನ್ನೂ ಕರೆಸಲಿಲ್ಲ, ಕೋಲು ಹಿಡಿಯಲಿಲ್ಲ. ಮನೆಯ ನಾಲ್ಕು ಜನ ಒಂದೇ ಬಾಗಿಲು, ಒಂದೇ ದಾರಿ, ಒಂದೇ ಮಾತು ಎಂದು ಒಪ್ಪಂದ ಮಾಡಿಕೊಂಡು ಅದನ್ನು ಮುರಿಯದೆ ನಡೆಸಿದೆವು. ನಾಯಿ ಸಾಕುವ ಪ್ರತಿ ಮನೆಯೂ ಇಷ್ಟು ಮಾಡಬಹುದು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಈ ಪಾಠದ ಅರ್ಧ ಭಾಗವನ್ನು ತಾಯಿನಾಯಿ ಆಗಲೇ ಹೇಳಿಕೊಟ್ಟಿರುತ್ತದೆ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ತಾನಾಗಿ ಉಚ್ಚೆ ಮಾಡಲೂ ಬಾರದು. ತಾಯಿ ನೆಕ್ಕಿ ಮಾಡಿಸುತ್ತದೆ, ತಾನೇ ಚೊಕ್ಕವೂ ಮಾಡುತ್ತದೆ. ಮೂರನೇ ವಾರ ದಾಟಿ ಕಾಲಿಗೆ ಬಲ ಬಂದಮೇಲೆ ಮರಿಗಳು ತಡವರಿಸುತ್ತಲೇ ಮಲಗುವ ಜಾಗ ಬಿಟ್ಟು ಅಷ್ಟು ದೂರ ಹೋಗಿ ಮಾಡಿ ಬರುತ್ತವೆ. ಮಲಗುವ, ಉಣ್ಣುವ ಜಾಗವನ್ನು ಹೊಲಸು ಮಾಡಬಾರದೆಂಬುದು ಅವುಗಳ ಹುಟ್ಟುಗುಣ. ಎಂಟು ಒಂಬತ್ತು ವಾರದ ಹೊತ್ತಿಗೆ ಇನ್ನೊಂದು ರೂಢಿ ಗಟ್ಟಿಯಾಗುತ್ತದೆ. ಅಂಗಾಲಿಗೆ ಯಾವ ನೆಲ ತಾಗಿದರೆ ಕೂರಬೇಕು ಎಂಬುದು ಆಗ ಮನಸ್ಸಿನಲ್ಲಿ ನಿಲ್ಲುತ್ತದೆ. ಪತ್ರಿಕೆ ಹಾಸಿದ ಕೋಣೆಯಲ್ಲಿ ಬೆಳೆದ ಮರಿ ನಿಮ್ಮ ಮನೆಗೆ ಬಂದು ಕಾಗದವನ್ನೋ ಕಾಲೊರಸುವ ಬಟ್ಟೆಯನ್ನೋ ಹುಡುಕುತ್ತದೆ. ಸಿಮೆಂಟು ನೆಲದಲ್ಲಿ ಬೆಳೆದದ್ದು ಹುಲ್ಲಿನ ಮೇಲೆ ನಿಂತು ಏನೂ ಮಾಡದೆ ಒಳಗೆ ಓಡಿಬಂದು ಟೈಲ್ಸ್ ಮೇಲೆ ಮಾಡುತ್ತದೆ. ಅದು ಹಟವಲ್ಲ, ಅದಕ್ಕೆ ಗೊತ್ತಿರುವ ನೆಲ ಅದೊಂದೇ. ಆದ್ದರಿಂದ ಮರಿಯನ್ನು ತರುವಾಗ ಅದು ಎಂಥ ನೆಲದ ಮೇಲೆ ಬೆಳೆದಿದೆ ಎಂದು ಕೇಳಿಕೊಳ್ಳಿ.

ಜಾಗ ಹುಡುಕುವುದು

ಮನೆಯವರು ಸಾಮಾನ್ಯವಾಗಿ ತಮಗೆ ಬೇಡವಾದ ಜಾಗವನ್ನು ನಾಯಿಗೆ ಕೊಡುತ್ತಾರೆ: ಮುರಿದ ಹಂಚು, ಮುಳ್ಳು, ಕಳೆ ತುಂಬಿದ ಮೂಲೆ. ಅಲ್ಲಿ ನಾಯಿ ನಿಲ್ಲುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಂತೂ ಎತ್ತರ ಹುಲ್ಲಿನಲ್ಲಿ ಇಂಬಳ, ಬೇಸಿಗೆಯಲ್ಲಿ ಉಣ್ಣಿ. ಆರಿಸಿದ ಜಾಗದ ಹುಲ್ಲು ಗಿಡ್ಡವಿರಲಿ, ನೀರು ನಿಲ್ಲದಿರಲಿ, ಜನ ಓಡಾಡುವ ದಾರಿ ಪಕ್ಕದಲ್ಲಿ ಬೇಡ. ಬಾವಿ, ಸಂಪು, ಸೊಪ್ಪು ತರಕಾರಿಯ ಮಡಿಗಳಿಂದ ದೂರವಿರಲಿ. ನಾಯಿ ಉಣ್ಣುವ ತಟ್ಟೆ ಮತ್ತು ಮಲಗುವ ಗೂಡಿನಿಂದಲೂ ದೂರವಿರಬೇಕು. ಹಾಗೆಂದು ತೀರ ದೂರವೂ ಆಗಬಾರದು. ಪುಟ್ಟ ಮರಿ ದಾರಿಯಲ್ಲೇ ಕೂತುಬಿಡುತ್ತದೆ, ನಡುರಾತ್ರಿ ನಿಮಗೂ ಅಷ್ಟು ದೂರ ಹೋಗಲು ಬೇಸರವಾಗುತ್ತದೆ.

ಸಣ್ಣ ನಾಯಿಗೆ ನಾಲ್ಕಡಿ ಉದ್ದ ನಾಲ್ಕಡಿ ಅಗಲ ಸಾಕು. ಲ್ಯಾಬ್ರಡಾರ್, ಮುಧೋಳದಂಥ ದೊಡ್ಡ ನಾಯಿಗೆ ಆರೆಂಟಡಿ ಬೇಕು, ಅದು ಕೂರುವ ಮೊದಲು ಸುತ್ತುತ್ತದೆ. ಸುತ್ತಲೂ ಒಂದು ಸಾಲು ಇಟ್ಟಿಗೆ ಇಟ್ಟು ಒಳಗೆ ಮೂರು ನಾಲ್ಕು ಅಂಗುಲ ಮರಳನ್ನೋ ಸಣ್ಣ ಜಲ್ಲಿಯನ್ನೋ ಹಾಕಿದರೆ ಕಾಲಿಗೆ ತಾಗುವ ನೆಲ ಉಳಿದ ಅಂಗಳಕ್ಕಿಂತ ಬೇರೆ ಅನ್ನಿಸುತ್ತದೆ. ಈ ಬೇರೆತನವೇ ನಾಯಿಗೆ ಗುರುತು. ಮರಳಾದರೆ ಕೊಳೆ ಎತ್ತುವುದು ಸುಲಭ, ಆದರೆ ಬೆಕ್ಕುಗಳೂ ಬರುತ್ತವೆ. ಜಲ್ಲಿಯಾದರೆ ಮಳೆಗೆ ತೊಳೆದುಹೋಗುತ್ತದೆ, ಆದರೆ ಚೂಪು ಕಲ್ಲು ಮರಿಯ ಅಂಗಾಲಿಗೆ ಚುಚ್ಚುತ್ತದೆ. ಉರುಟು ಕಲ್ಲನ್ನೇ ತನ್ನಿ. ನಾನು ಮರಳನ್ನು ಆರಿಸಿಕೊಂಡೆ. ಮಳೆ ಜೋರಿರುವ ಊರಿನವರು ನಾಲ್ಕು ಕಂಬ ನೆಟ್ಟು ಮೇಲೊಂದು ಶೀಟು ಹೊದಿಸಲೇಬೇಕು. ಗಂಡುನಾಯಿ ಇದ್ದರೆ ಮಧ್ಯದಲ್ಲಿ ಮೊಣಕಾಲೆತ್ತರದ ಕಲ್ಲನ್ನೋ ಮರದ ತುಂಡನ್ನೋ ನೆಡಿ. ಆರು ತಿಂಗಳಿಂದ ವರ್ಷದೊಳಗೆ ಅದು ಕಾಲೆತ್ತಲು ಶುರುಮಾಡಿದಾಗ ಆ ಕಲ್ಲು ನಿಮ್ಮ ಬೈಕಿನ ಚಕ್ರವನ್ನೂ ತೆಂಗಿನಸಸಿಯನ್ನೂ ಉಳಿಸುತ್ತದೆ.

ಹುಲ್ಲುಹಾಸಿನ ಮೇಲೆಯೇ ಜಾಗ ಮಾಡಿದವರು ಹಳದಿ ಕಲೆಗಳ ಬಗ್ಗೆ ದೂರುತ್ತಾರೆ. ಉಚ್ಚೆಯಲ್ಲಿರುವ ಯೂರಿಯಾ ಒಂದೇ ಕಡೆ ಹೆಚ್ಚಾದರೆ ಹುಲ್ಲು ಸುಡುತ್ತದೆ. ನಾಯಿ ಎದ್ದ ಕೂಡಲೇ ಒಂದು ತಂಬಿಗೆ ನೀರು ಸುರಿದರೆ ಸುಡುವುದು ಬಹಳ ಕಡಿಮೆಯಾಗುತ್ತದೆ.

ಹೊತ್ತು ತಿಳಿದವರಿಗೆ ಕೆಲಸ ಸುಲಭ

ಈ ವಿಷಯದಲ್ಲಿ ಗಡಿಯಾರ ಎಲ್ಲಕ್ಕಿಂತ ದೊಡ್ಡದು. ಮರಿಯ ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಅದು ತಡೆದುಕೊಳ್ಳಬಲ್ಲ ಗಂಟೆಗಳ ಅಂದಾಜು ಸಿಗುತ್ತದೆ. ಎರಡು ತಿಂಗಳಿನದು ಹೆಚ್ಚೆಂದರೆ ಮೂರು ಗಂಟೆ, ಅದೂ ಸುಮ್ಮನೆ ಮಲಗಿದ್ದಾಗ. ಎಚ್ಚರವಿದ್ದು ಆಡುತ್ತಿದ್ದರೆ ಗಂಟೆಗೊಮ್ಮೆ ಹೊರಗೆ ಒಯ್ಯಬೇಕು. ಅದರ ಹೊರತು ನಾಲ್ಕು ಹೊತ್ತುಗಳನ್ನು ಎಂದೂ ತಪ್ಪಿಸಬೇಡಿ: ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಮೇಲೆ, ಜೋರಾಗಿ ಆಡಿದ ಮೇಲೆ, ರಾತ್ರಿ ಮಲಗುವ ಮುನ್ನ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳಿಗೆ ಚಾಲನೆ ಸಿಗುತ್ತದೆ. ಹೆಚ್ಚಿನ ಮರಿಗಳು ಉಂಡು ಹದಿನೈದರಿಂದ ಮೂವತ್ತು ನಿಮಿಷದೊಳಗೆ ಕಕ್ಕ ಮಾಡುತ್ತವೆ.

ಇದರಿಂದ ಒಂದು ಮಾತು ತಾನಾಗಿ ಹೊರಡುತ್ತದೆ. ಊಟಕ್ಕೆ ಹೊತ್ತಿಲ್ಲದ ನಾಯಿಗೆ ಕಕ್ಕಕ್ಕೂ ಹೊತ್ತಿಲ್ಲ. ದಿನವಿಡೀ ತಟ್ಟೆಯಲ್ಲಿ ಅನ್ನ ಇಟ್ಟಿರುವುದು, ಮನೆಯವರು ಉಣ್ಣುವಾಗಲೆಲ್ಲ ಒಂದೊಂದು ತುತ್ತು ಹಾಕುವುದು, ಮಧ್ಯೆ ಮಕ್ಕಳು ಬಿಸ್ಕತ್ತು ಎಸೆಯುವುದು ನಿಲ್ಲಬೇಕು. ಮರಿಗೆ ದಿನಕ್ಕೆ ಮೂರು ನಾಲ್ಕು ಬಾರಿ, ಬೆಳೆದ ನಾಯಿಗೆ ಎರಡು ಬಾರಿ, ನಿಗದಿಯಾದ ಹೊತ್ತಿಗೆ ಹಾಕಿ, ಕಾಲು ಗಂಟೆಯಲ್ಲಿ ತಟ್ಟೆ ಎತ್ತಿಡಿ. ನೀರನ್ನು ಮಾತ್ರ ಎಂದಿಗೂ ಕಟ್ಟಬೇಡಿ. ಉಚ್ಚೆ ಕಡಿಮೆಯಾಗಲೆಂದು ನೀರಿನ ಬಟ್ಟಲು ತೆಗೆದಿಡುವವರನ್ನು ನೋಡಿದ್ದೇನೆ, ಬೇಸಿಗೆಯಲ್ಲಿ ಅದು ಕ್ರೌರ್ಯ.

ಒಂದು ವಾರ ಗೋಡೆಯ ಕ್ಯಾಲೆಂಡರಿನ ಮೇಲೆ ಮರಿ ಉಂಡ ಹೊತ್ತು, ಮಾಡಿದ ಹೊತ್ತು, ಮಾಡಿದ ಜಾಗ ಬರೆದಿಡಿ. ನಮ್ಮ ಕ್ಯಾಲೆಂಡರು ನೋಡಿದಾಗ ಬೆಳ್ಳಿಯ ತಪ್ಪುಗಳಲ್ಲಿ ಹೆಚ್ಚಿನವು ಸಂಜೆ ಆರರಿಂದ ಏಳರ ನಡುವೆ ಆಗಿದ್ದವು; ಮಕ್ಕಳು ಶಾಲೆಯಿಂದ ಬಂದು ಅದನ್ನು ಆಡಿಸುತ್ತಿದ್ದ ಹೊತ್ತು ಅದು, ದೊಡ್ಡವರ ಗಮನ ಅಡುಗೆಮನೆಯಲ್ಲಿ. ಆ ಒಂದು ಗಂಟೆಗೆ ಎರಡು ಬಾರಿ ಹೊರಗೊಯ್ಯುವುದೆಂದು ಗೊತ್ತುಮಾಡಿದ ಮೇಲೆ ತುಳಸಿಕಟ್ಟೆ ಒಣಗಿಯೇ ಇತ್ತು.

ಬೆಲ್ಟು, ಮಾತು, ಬಹುಮಾನ

ಸ್ವಂತ ಹಿತ್ತಲಲ್ಲವೇ, ಬಾಗಿಲು ತೆರೆದುಬಿಟ್ಟರೆ ಸಾಕು ಎಂದುಕೊಳ್ಳುವುದೇ ಅತಿ ಸಾಮಾನ್ಯ ತಪ್ಪು. ಬಾಗಿಲು ತೆರೆದರೆ ನಾಯಿ ಹೊರಗೆ ಮಾಡುವುದನ್ನು ಕಲಿಯುತ್ತದೆ, ಒಂದು ಜಾಗದಲ್ಲಿ ಮಾಡುವುದನ್ನು ಕಲಿಯುವುದಿಲ್ಲ. ಮೊದಲ ಎರಡು ಮೂರು ವಾರ ಪ್ರತಿ ಸಲವೂ, ನಡುರಾತ್ರಿಯೂ, ಐದಾರಡಿಯ ಬೆಲ್ಟು ಕಟ್ಟಿಯೇ ಒಯ್ಯಿರಿ. ಅದೇ ಬಾಗಿಲಿನಿಂದ, ಅದೇ ದಾರಿಯಲ್ಲಿ, ಎಲ್ಲೂ ಮೂಸಲು ಬಿಡದೆ ನೇರವಾಗಿ ಜಾಗಕ್ಕೆ. ಅಲ್ಲಿ ಮರದಂತೆ ನಿಂತುಬಿಡಿ. ಮಾತಾಡಿಸಬೇಡಿ, ಆಡಿಸಬೇಡಿ, ಫೋನು ಹಿಡಿಯಬೇಡಿ. ಬೆಲ್ಟಿನ ಉದ್ದದಷ್ಟು ವೃತ್ತದಲ್ಲಿ ಅದು ಮೂಸಿಕೊಂಡಿರಲಿ.

ಮೂಸುವುದು ಕಾಲಹರಣವಲ್ಲ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 60 ಲಕ್ಷ. ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು. ತಾನು ಹಿಂದೆ ಎಲ್ಲಿ ಮಾಡಿದ್ದೆ ಎಂದು ಅದು ಓದುವುದು ಮೂಗಿನಿಂದಲೇ. ಆದ್ದರಿಂದ ಮೊದಲ ದಿನವೇ ಒಂದು ಉಪಾಯ ಮಾಡಿ. ಒಳಗೆ ಮಾಡಿದ್ದ ಉಚ್ಚೆಯನ್ನು ಹಳೆ ಬಟ್ಟೆಯಲ್ಲಿ ಹಿಂಗಿಸಿ ಆ ಬಟ್ಟೆಯನ್ನು ಹೊಸ ಜಾಗದಲ್ಲಿಡಿ, ಕಕ್ಕದ ಒಂದು ಚೂರನ್ನೂ ಅಲ್ಲೇ ಬಿಡಿ. ನೆಲಕ್ಕೆ ವಾಸನೆ ಹತ್ತಿದರೆ ಅದೇ ನಾಯಿಯನ್ನು ಕರೆಯುತ್ತದೆ.

ಕೂರುವ ಮೊದಲಿನ ಸುತ್ತಾಟವನ್ನೂ ಅವಸರಪಡಿಸಬೇಡಿ. 2013ರಲ್ಲಿ ಜೆಕ್ ಮತ್ತು ಜರ್ಮನ್ ವಿಜ್ಞಾನಿಗಳು 37 ತಳಿಗಳ 70 ನಾಯಿಗಳನ್ನು ಎರಡು ವರ್ಷ ಗಮನಿಸಿ, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ಅವು ಉತ್ತರ–ದಕ್ಷಿಣಕ್ಕೆ ಮೈಯೊಡ್ಡಿ ಕೂರಲು ಒಲವು ತೋರುತ್ತವೆ ಎಂದು ಪ್ರಕಟಿಸಿದರು. ಅದೇನೇ ಇರಲಿ, ನಾಯಿಗೆ ಅದರದೇ ಒಂದು ಕ್ರಮವಿದೆ. ಐದು ನಿಮಿಷ, ಬೇಕಾದರೆ ಹತ್ತು ನಿಮಿಷ ಕೊಡಿ.

ಕೂರಲು ಶುರುಮಾಡಿದಾಗ ಮೆತ್ತಗೆ ಒಂದು ಮಾತು ಹೇಳಿ. ನಾವು ಉಚ್ಚೆಗೆ "ಸುಸು", ಇನ್ನೊಂದಕ್ಕೆ "ಕಕ್ಕ" ಎಂದೆವು. ಯಾವ ಮಾತಾದರೂ ನಡೆಯುತ್ತದೆ, ಮನೆಯವರೆಲ್ಲ ಅದನ್ನೇ ಹೇಳಬೇಕು, ಬೇರೆ ಹೊತ್ತಿನಲ್ಲಿ ಬಳಸಬಾರದು. ಗಂಟೆಯ ಸದ್ದಿಗೂ ಊಟಕ್ಕೂ ಗಂಟು ಬೀಳುವಂತೆ ಮಾತಿಗೂ ಕ್ರಿಯೆಗೂ ಗಂಟು ಬೀಳುತ್ತದೆ. ಪಾವ್ಲೋವ್ ತೋರಿಸಿದ್ದು ಇದನ್ನೇ. ಅಂಧರಿಗೆ ದಾರಿ ತೋರುವ ನಾಯಿಗಳಿಗೂ ಹೀಗೆಯೇ ಮಾತಿಗೆ ಸರಿಯಾಗಿ, ಗೊತ್ತಾದ ಜಾಗದಲ್ಲಿ ಮಾಡುವುದನ್ನು ಕಲಿಸುತ್ತಾರೆ. ಕೆಲವು ವಾರ ಕಳೆದರೆ ಪ್ರಯಾಣದ ಮಧ್ಯೆ ಹೊಸ ಊರಿನಲ್ಲಿ ನಿಂತು ಆ ಮಾತು ಹೇಳಿದರೂ ನಾಯಿ ಅರ್ಥಮಾಡಿಕೊಳ್ಳುತ್ತದೆ.

ಮುಗಿದ ಕೂಡಲೇ, ಒಂದೆರಡು ಕ್ಷಣದೊಳಗೆ, ಅಲ್ಲೇ ನಿಂತು ಹೊಗಳಿ ಒಂದು ತಿಂಡಿ ಕೊಡಿ. ಬೇಯಿಸಿದ ಕೋಳಿಯ ಚೂರು, ಮೊಟ್ಟೆಯ ಚೂರು, ಕಡಲೆಕಾಳಿನಷ್ಟು ದೊಡ್ಡದಾದರೆ ಸಾಕು. ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ ಹಾಕಿದ ಪದಾರ್ಥ ಬೇಡ, ಅವು ನಾಯಿಗೆ ವಿಷ. ಒಳಗೆ ಬಂದಮೇಲೆ ಬಿಸ್ಕತ್ತು ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಸಿಕ್ಕಿತೆಂದೇ ಅದು ತಿಳಿಯುತ್ತದೆ, ಆದ್ದರಿಂದ ತಿಂಡಿ ನಿಮ್ಮ ಜೇಬಿನಲ್ಲೇ ಇರಬೇಕು. ತಿಂಡಿಯಾದ ಮೇಲೆ ಬೆಲ್ಟು ಬಿಚ್ಚಿ ಅಂಗಳದಲ್ಲಿ ಸ್ವಲ್ಪ ಆಡಲು ಬಿಡಿ. ಮಾಡಿದೊಡನೆ ಎಳೆದುಕೊಂಡು ಒಳಗೆ ಹೋದರೆ ನಾಯಿ ಬೇಗ ಲೆಕ್ಕ ಹಾಕುತ್ತದೆ, ಮಾಡದಿದ್ದರೆ ಹೊರಗೆ ಹೆಚ್ಚು ಹೊತ್ತು ಇರಬಹುದು ಎಂದು. ಹತ್ತು ನಿಮಿಷ ಕಾದರೂ ಮಾಡದಿದ್ದರೆ ಸುಮ್ಮನೆ ಒಳಗೆ ತನ್ನಿ, ಆದರೆ ಬೆಲ್ಟು ಬಿಚ್ಚದೆ ನಿಮ್ಮ ಕಾಲ ಬಳಿಯೇ ಕೂರಿಸಿಕೊಳ್ಳಿ. ಕಾಲು ಗಂಟೆ ಬಿಟ್ಟು ಮತ್ತೆ ಅಲ್ಲಿಗೇ.

ಸತತ ಎರಡು ವಾರ ತಪ್ಪಿಲ್ಲದೆ ನಡೆದರೆ ಬೆಲ್ಟನ್ನು ಹಂತಹಂತವಾಗಿ ಸಡಿಲಿಸಿ. ಜಾಗಕ್ಕೆ ಹತ್ತಡಿ ಇರುವಾಗ ನೀವು ನಿಂತು ಅದನ್ನು ಮುಂದೆ ಕಳಿಸಿ, ಆಮೇಲೆ ಇಪ್ಪತ್ತಡಿ, ಆಮೇಲೆ ಹಿತ್ತಲ ಬಾಗಿಲಿನಿಂದಲೇ ಮಾತು ಹೇಳಿ. ಮಧ್ಯೆ ತಪ್ಪಿದರೆ ಬೇಸರವಿಲ್ಲದೆ ಹಿಂದಿನ ಹಂತಕ್ಕೆ ಮರಳಿ. ಬೆಳ್ಳಿಗೆ ಆರು ವಾರ ಹಿಡಿಯಿತು. ಮೂರೇ ವಾರದಲ್ಲಿ ಕಲಿತ ಮರಿಗಳೂ ಇವೆ, ಆರು ತಿಂಗಳು ತೆಗೆದುಕೊಂಡವೂ ಇವೆ.

ಹೊಡೆಯಬೇಡಿ

ಇದನ್ನು ಕೈಮುಗಿದು ಕೇಳುತ್ತೇನೆ. ತಪ್ಪಿದ ಜಾಗಕ್ಕೆ ನಾಯಿಯ ಮೂತಿ ಉಜ್ಜುವುದು, ಮಡಚಿದ ಪತ್ರಿಕೆಯಿಂದ ಹೊಡೆಯುವುದು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ. ಅರ್ಧ ಗಂಟೆ ಹಿಂದಿನ ಉಚ್ಚೆಗೂ ಈಗ ಬಿದ್ದ ಏಟಿಗೂ ನಾಯಿ ಸಂಬಂಧ ಕಲ್ಪಿಸಲಾರದು. ನೀವು ಹತ್ತಿರವಿದ್ದಾಗ ಮಾಡಿದರೆ ಪೆಟ್ಟು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಮುಂದೆ ಅದು ಸೋಫಾದ ಹಿಂದೆ, ಮಂಚದ ಕೆಳಗೆ ಕದ್ದು ಮಾಡುತ್ತದೆ. ನೀವು ಬೆಲ್ಟು ಹಿಡಿದು ಹಿತ್ತಲಲ್ಲಿ ನಿಂತರೆ ನಿಮ್ಮೆದುರು ಮಾಡಲು ಹೆದರುತ್ತದೆ. "ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೇ ತಿಳಿಯುತ್ತೆ" ಎನ್ನುವವರಿದ್ದಾರೆ. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದಕ್ಕೂ ಆ ಅಪರಾಧಿ ಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನರು ಗದರಿದಾಗ ಆ ಮುಖ ಬರುತ್ತಿತ್ತು, ತಪ್ಪೇ ಮಾಡದ ನಾಯಿಗೂ.

ಒಳಗೆ ಮಾಡುತ್ತಿರುವುದು ಕಣ್ಣಿಗೆ ಬಿದ್ದರೆ ಒಮ್ಮೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಜಾಗಕ್ಕೆ ಓಡಿ, ಉಳಿದದ್ದನ್ನು ಅಲ್ಲಿ ಮಾಡಿದರೆ ಹೊಗಳಿ. ಆಮೇಲೆ ಕಂಡರೆ ಸದ್ದಿಲ್ಲದೆ ಒರೆಸಿ. ಒರೆಸಲು ಫಿನಾಯಿಲು ಬೇಡ. ಅದು ನಮ್ಮ ಮೂಗಿಗೆ ಮಾತ್ರ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗೆ ಉಚ್ಚೆ ಅಲ್ಲೇ ಇರುತ್ತದೆ, ಜೊತೆಗೆ ಅಂಗಾಲು ನೆಕ್ಕಿಕೊಂಡಾಗ ಹೊಟ್ಟೆಗೂ ಹೋಗುತ್ತದೆ. ಅಮೋನಿಯಾ ಇರುವ ದ್ರಾವಣ ಇನ್ನೂ ಕೆಟ್ಟದ್ದು, ಕೊಳೆತ ಉಚ್ಚೆಯ ವಾಸನೆಯೇ ಅಮೋನಿಯಾದ್ದು. ಸಾಕುಪ್ರಾಣಿ ಅಂಗಡಿಗಳಲ್ಲಿ ಕಿಣ್ವಯುಕ್ತ ದ್ರಾವಣ ಸಿಗುತ್ತದೆ, ಅದನ್ನು ಸುರಿದು ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿದರೆ ವಾಸನೆಯ ಮೂಲವೇ ಒಡೆಯುತ್ತದೆ. ಅದಿಲ್ಲದಿದ್ದರೆ ಸಮಪಾಲು ನೀರು ಬೆರೆಸಿದ ವಿನೆಗರ್ ಬಳಸಿ.

ಮಳೆ, ಪಟಾಕಿ, ಫ್ಲ್ಯಾಟು

ಜೂನ್ ಬಂತೆಂದರೆ ಕಲಿತ ನಾಯಿಯೂ ಹೊಸ್ತಿಲಲ್ಲೇ ನಿಲ್ಲುತ್ತದೆ. ಮುಧೋಳದಂಥ ತೆಳು ಚರ್ಮ, ಗಿಡ್ಡ ಕೂದಲಿನ ನಾಯಿಗೆ ತಣ್ಣನೆ ಮಳೆ ನಿಜಕ್ಕೂ ಹಿಂಸೆ. ಕೊಡೆ ಹಿಡಿದು ನೀವೇ ಜೊತೆಗೆ ಹೋಗಿ, ಬಂದಮೇಲೆ ಮೈ ಒರೆಸಿ. ದೀಪಾವಳಿಯ ಮೂರು ದಿನ ಸಂಜೆ ಕತ್ತಲಾಗುವ ಮೊದಲೇ ಒಯ್ದು ಬನ್ನಿ. ಪಟಾಕಿಗೆ ಹೆದರಿದ ನಾಯಿ ರಾತ್ರಿಯಿಡೀ ಬಿಗಿಹಿಡಿದು ಬೆಳಗಿನ ಜಾವ ಒಳಗೆ ಮಾಡಿದರೆ ಅದು ಅದರ ತಪ್ಪಲ್ಲ.

ಫ್ಲ್ಯಾಟಿನವರು ಕೆಳಗಿನ ಆವರಣದಲ್ಲಿ ಸಂಘದವರೊಡನೆ ಮಾತಾಡಿ ಒಂದು ಮೂಲೆ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಸಾಕುನಾಯಿಗಳನ್ನು ವಸತಿ ಸಂಘಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ, ಕೊಳೆ ಎತ್ತುವುದನ್ನು ರೂಢಿ ಮಾಡಿಕೊಳ್ಳಿ ಎಂದು ಸಾಕುವವರನ್ನೂ ಕೇಳುತ್ತದೆ. ಹಕ್ಕು ಹೇಳುವ ಮೊದಲು ಚೀಲ ಹಿಡಿದು ಹೋದರೆ ನೆರೆಯವರೂ ಒಪ್ಪುತ್ತಾರೆ. ಲಿಫ್ಟಿಗೆ ಕಾಯುವಷ್ಟು ಹೊತ್ತು ಮರಿ ತಡೆಯದು, ಎತ್ತಿಕೊಂಡೇ ಇಳಿಯಿರಿ. ಲಸಿಕೆಗಳ ಸರಣಿ ಮುಗಿಯುವ ತನಕ, ಅಂದರೆ ಸುಮಾರು ನಾಲ್ಕು ತಿಂಗಳು ತುಂಬುವವರೆಗೆ, ಪರಿಚಯವಿಲ್ಲದ ನಾಯಿಗಳು ಬರುವ ಪಾರ್ಕು, ಬೀದಿಬದಿ ಬೇಡ. ಪಾರ್ವೊ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಮಣ್ಣೋ ಹುಲ್ಲುಹಾಸೋ ತುಂಬಿದ ಟ್ರೇ ಇಟ್ಟರೆ, ಆಮೇಲೆ ಅದನ್ನೇ ಕೆಳಗಿನ ಜಾಗಕ್ಕೆ ಒಯ್ದಿಟ್ಟು ರೂಢಿ ಬದಲಿಸಬಹುದು.

ಚಿಕ್ಕಂದಿನಿಂದ ಪಂಜರದಲ್ಲೋ ಸರಪಳಿಯಲ್ಲೋ ಇದ್ದ ದೊಡ್ಡ ನಾಯಿಯನ್ನು ತಂದಿದ್ದರೆ ಹೆಚ್ಚಿನ ತಾಳ್ಮೆ ಬೇಕು. ಮಲಗಿದ್ದಲ್ಲೇ ಮಾಡಬೇಕಾಗಿ ಬಂದ ನಾಯಿಗೆ ಆ ಹುಟ್ಟುಗುಣದ ಹೇಸಿಗೆ ಮಾಸಿಹೋಗಿರುತ್ತದೆ. ಕಲಿಸುವ ಕ್ರಮ ಇದೇ, ಎಂಟು ವಾರದ ಮರಿಯೆಂದೇ ತಿಳಿದು ಮೊದಲಿನಿಂದ ಶುರುಮಾಡಿ.

ದಿನಾ ಎತ್ತಲೇಬೇಕು

ವಾಸನೆಗೆಂದು ಬಿಟ್ಟ ಚೂರು ಮೊದಲ ವಾರಕ್ಕೆ ಮಾತ್ರ. ಆಮೇಲೆ ದಿನಕ್ಕೊಮ್ಮೆಯಾದರೂ ಎತ್ತಿ. ಗಲೀಜು ತುಂಬಿದ ಜಾಗವನ್ನು ನಾಯಿಯೇ ತೊರೆದು ಮತ್ತೆ ತುಳಸಿಕಟ್ಟೆ ಹುಡುಕುತ್ತದೆ. ಎತ್ತದೆ ಬಿಟ್ಟರೆ ರೋಗದ ಭಯವೂ ಇದೆ. ನಾಯಿಯ ಮಲದಲ್ಲಿ ಬರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಬಲಿತು ವರ್ಷಗಟ್ಟಲೆ ಇರಬಲ್ಲವು. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮ ಕೊರೆದು ಒಳಹೋಗುತ್ತವೆ. ಹಿತ್ತಲಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಎತ್ತಿದ್ದನ್ನು ಚೀಲವಿಲ್ಲದೆ ಶೌಚಾಲಯಕ್ಕೆ ಹಾಕಿ ನೀರು ಬಿಡಿ, ಇಲ್ಲವೇ ಬಾವಿ, ತರಕಾರಿಗಳಿಂದ ದೂರದ ಗುಂಡಿಯಲ್ಲಿ ಮಣ್ಣು ಮುಚ್ಚಿ. ಸಗಣಿಯಂತೆ ಗೊಬ್ಬರವಾಗಲಿ ಎಂದು ಸೊಪ್ಪಿನ ಮಡಿಗೆ ಹಾಕುವುದು ಬೇಡವೇ ಬೇಡ. ಮರಿಗೆ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಪಶುವೈದ್ಯರನ್ನು ಕೇಳಿ ಜಂತಿನ ಔಷಧ ಕೊಡಿ. ಇಲಿಜ್ವರ ಉಚ್ಚೆಯ ಮೂಲಕ ನಾಯಿಯಿಂದ ಮನುಷ್ಯರಿಗೂ ಬರಬಹುದಾದ್ದರಿಂದ ಅದರ ಲಸಿಕೆಯನ್ನೂ ಮರೆಯಬೇಡಿ.

ಚೆನ್ನಾಗಿ ಕಲಿತ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ ಮರುಪಾಠಕ್ಕೆ ಮೊದಲು ವೈದ್ಯರಲ್ಲಿಗೆ ಹೋಗಿ. ಮೂತ್ರನಾಳದ ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ. ಯಜಮಾನರು ಬಂದಾಗ ಬಾಲ ಆಡಿಸುತ್ತ ನಾಲ್ಕು ಹನಿ ಸೋರಿಸುವುದು ಬೇರೆ. ಅದು ಸಂಭ್ರಮ ಇಲ್ಲವೇ ಭಯ, ವಯಸ್ಸಾದಂತೆ ಹೆಚ್ಚಿನ ಮರಿಗಳಲ್ಲಿ ತಾನಾಗಿ ನಿಲ್ಲುತ್ತದೆ.

ಬೆಳ್ಳಿಗೆ ಈಗ ಹನ್ನೊಂದು ವರ್ಷ. ಕಣ್ಣು ಮಂಜಾಗಿದೆ, ಹಿಂಗಾಲು ಬಿಗಿಯುತ್ತದೆ, ಆದರೂ ರಾತ್ರಿ ಎರಡು ಗಂಟೆಗೆ ಎದ್ದು ಹಿತ್ತಲ ಬಾಗಿಲ ಬಳಿ ಹೋಗಿ ನಿಲ್ಲುತ್ತದೆ. ಕಳೆದ ವರ್ಷ ನಾವು ಮರಳಿನ ಮಡಿಯನ್ನು ಎರಡು ತಿಂಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಸರಿಸಿ ಬಾಗಿಲಿಗೆ ಹತ್ತಿರ ತಂದೆವು, ಎರಡು ಮೆಟ್ಟಿಲುಗಳಿಗೆ ಇಳಿಜಾರು ಮಾಡಿಸಿದೆವು. ನಿಮ್ಮ ಮನೆಯಲ್ಲೂ ವಯಸ್ಸಾದ ನಾಯಿ ಇದ್ದರೆ ದಯವಿಟ್ಟು ಅದರ ಜಾಗವನ್ನು ಹತ್ತಿರಕ್ಕೆ ತನ್ನಿ, ಅಲ್ಲಿಗೊಂದು ಸಣ್ಣ ದೀಪ ಹಾಕಿಸಿ.